ಸೊಟ್ಟ ಸುರುಳಿಯ ಲೆಕ್ಕ

ಬೇಸಿಗೆ ಬಂತೆಂದರೆ ಚಳ್ಳಕೆರೆ ಕಡೆ ಮೋಟರ್ ವೈಂಡಿಂಗ್ ಅಂಗಡಿಗಳಿಗೆ ಬಿಡುವೇ ಇರುವುದಿಲ್ಲ. ಬೋರ್‌ವೆಲ್ ನೀರು ಇಳಿದು, ವೋಲ್ಟೇಜ್ ಕೈಕೊಟ್ಟು, ಸುಟ್ಟ ಮೋಟರ್‌ಗಳು ಸಾಲಾಗಿ ಬಂದು ಬೀಳುತ್ತವೆ. ಹುಡುಗ ತಂತಿಯನ್ನು ಒಂದೊಂದೇ ಎಳೆದು ಸ್ಟೇಟರ್‌ಗೆ ಕೂರಿಸುತ್ತಾನೆ. ತಂತಿ ಅದೇ, ಕರೆಂಟ್ ಅದೇ. ಆದರೂ ಒಂದು ಕಾಯಿಲ್ ಉಲ್ಟಾ ಕೊಟ್ಟರೆ ಮೋಟರ್ ಸರಿಯಾಗಿ ತಿರುಗದೆ ಗುಂಯ್‌ಗುಡುತ್ತದೆ. ಸುತ್ತು ಹೇಗೋ ಕಾಂತಕ್ಷೇತ್ರ ಹಾಗೆ.

ಈ ಮಾತನ್ನೇ ನಂಬಿ ಕಟ್ಟಿದ ಯಂತ್ರ ಸ್ಟೆಲ್ಲರೇಟರ್. ಹೈಡ್ರೋಜನ್ ಪರಮಾಣುಗಳನ್ನು ಬೆಸೆದು ಶಕ್ತಿ ತೆಗೆಯಲು ಸುಮಾರು 10 ಕೋಟಿ ಡಿಗ್ರಿ ಬಿಸಿ ಬೇಕು. ಅಷ್ಟು ಬಿಸಿಯ ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನ್ ಕಳಚಿಕೊಂಡು ವಿದ್ಯುತ್ ಕಣಗಳಾದ ಅನಿಲ, ಗೋಡೆಗೆ ತಾಗುವಂತಿಲ್ಲ. ತಾಗಿದರೆ ಅದೂ ತಣ್ಣಗಾಗುತ್ತದೆ, ಗೋಡೆಯೂ ಹಾಳು. ಹಾಗಾಗಿ ಕಾಂತಕ್ಷೇತ್ರವೇ ಅದಕ್ಕೆ ಪಾತ್ರೆ. ವಿದ್ಯುತ್ ಇರುವ ಕಣಗಳು ಕ್ಷೇತ್ರರೇಖೆಯನ್ನು ಸುತ್ತುತ್ತಾ ಅದರ ಜೊತೆಗೇ ಸಾಗುತ್ತವೆ. ರೇಖೆಯನ್ನು ಬಗ್ಗಿಸಿ ಉಂಗುರ ಮಾಡಿಬಿಟ್ಟರೆ ಮುಗೀತು, ಅಲ್ವಾ?

ಮುಗಿಯುವುದಿಲ್ಲ. ಉಂಗುರದ ಒಳಬದಿಯಲ್ಲಿ ಕ್ಷೇತ್ರ ಜಾಸ್ತಿ, ಹೊರಬದಿಯಲ್ಲಿ ಕಡಿಮೆ. ಈ ಏರುಪೇರಿನಿಂದ ಧನ ಕಣಗಳು ಮೇಲಕ್ಕೆ ಜಾರಿದರೆ ಋಣ ಕಣಗಳು ಕೆಳಕ್ಕೆ ಜಾರುತ್ತವೆ. ಅವುಗಳ ನಡುವೆ ಹುಟ್ಟುವ ವಿದ್ಯುತ್ ಕ್ಷೇತ್ರ ಇಡೀ ಪ್ಲಾಸ್ಮಾವನ್ನು ಹೊರಗೋಡೆಗೆ ದೂಡುತ್ತದೆ. ಇದಕ್ಕೆ ಉಪಾಯ, ರೇಖೆಗಳನ್ನು ಹಗ್ಗದ ಎಳೆಗಳ ಹಾಗೆ ಹೊಸೆಯುವುದು. ಆಗ ಒಂದೇ ರೇಖೆ ಉಂಗುರದ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಹಾಯುತ್ತದೆ. ಅಲ್ಲಿ ಜಾರಿದ್ದು ಇಲ್ಲಿ ವಜಾ.

ಹೊಸೆಯುವುದು ಯಾರು? ಟೋಕಾಮಕ್ ಎಂಬ ಇನ್ನೊಂದು ಬಗೆಯ ಯಂತ್ರಗಳಲ್ಲಿ, ಗುಜರಾತಿನ ಗಾಂಧಿನಗರದ ಆದಿತ್ಯ ಅಂಥದ್ದೇ, ಪ್ಲಾಸ್ಮಾದೊಳಗೇ ಭಾರಿ ಕರೆಂಟ್ ಹರಿಸಿ ಆ ತಿರುವು ತರುತ್ತಾರೆ. ಕಟ್ಟುವುದು ಸುಲಭ. ಆದರೆ ಆ ಕರೆಂಟ್ ಒಮ್ಮೊಮ್ಮೆ ಕೆರಳಿ, ಕ್ಷಣದಲ್ಲಿ ಎಲ್ಲ ಕುಸಿಯುತ್ತದೆ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಜ್ಞಾನಿ ಲೈಮನ್ ಸ್ಪಿಟ್ಜರ್ ಬೇರೆ ದಾರಿ ಹಿಡಿದರು: ಕೊಳವೆಯನ್ನೇ ಇಂಗ್ಲಿಷಿನ 8ರ ಆಕಾರಕ್ಕೆ ತಿರುಚಿದರೆ ಕರೆಂಟ್ ಯಾಕೆ ಬೇಕು? ಅದೇ ಸ್ಟೆಲ್ಲರೇಟರ್. ಯೋಚನೆ ಚೆನ್ನಾಗಿತ್ತು. ಯಂತ್ರಗಳು ಮಾತ್ರ ಸೋರಿದವು. ಕಣ ಯಾವ ತಿರುವಿನಲ್ಲಿ ತಪ್ಪಿಸಿಕೊಳ್ಳುತ್ತದೆ ಎಂಬುದು ಕಾಗದದ ಮೇಲೆ ಲೆಕ್ಕ ಹಾಕಿ ಮುಗಿಯುವ ಕೆಲಸವಲ್ಲ.

ಕಂಪ್ಯೂಟರ್ ಬಂದಮೇಲೆ ಲೆಕ್ಕ ತಲೆಕೆಳಗಾಯಿತು. ಮೊದಲು ಬೇಕಾದ ಕ್ಷೇತ್ರ ಬರೆದುಕೊಳ್ಳುವುದು, ಆಮೇಲೆ ಅದನ್ನು ಕೊಡುವ ಸುರುಳಿ ಹುಡುಕುವುದು. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿರುವ ವೆಂಡೆಲ್‌ಸ್ಟೈನ್ 7-ಎಕ್ಸ್ ಎಂಬ ಸ್ಟೆಲ್ಲರೇಟರ್ ಹೀಗೇ ಹುಟ್ಟಿತು. ಅದರ 50 ದೊಡ್ಡ ಸುರುಳಿಗಳನ್ನು ನೋಡಿದರೆ ಯಾರೋ ಸಿಟ್ಟಿನಲ್ಲಿ ತುಳಿದು ಸೊಟ್ಟ ಮಾಡಿದ್ದಾರೆ ಅನ್ನಿಸುತ್ತದೆ. ಒಂದೊಂದೂ ಮೂರೂವರೆ ಮೀಟರ್ ಎತ್ತರ, ಸುಮಾರು 6 ಟನ್ ತೂಕ. ಆ ಸೊಟ್ಟದಲ್ಲಿ ಒಂದೂ ಸುಮ್ನೆ ಬಂದದ್ದಲ್ಲ. 2015ರಲ್ಲಿ ಮೊದಲ ಪ್ಲಾಸ್ಮಾಕ್ಕೂ ಮುಂಚೆ ಎಲೆಕ್ಟ್ರಾನ್ ಕಿರಣ ಬಿಟ್ಟು ರೇಖೆಗಳ ಜಾಡನ್ನು ಅಳೆದರು. ಬೇಕಾಗಿದ್ದಕ್ಕೂ ಬಂದದ್ದಕ್ಕೂ ಇದ್ದ ವ್ಯತ್ಯಾಸ ಲಕ್ಷಕ್ಕೆ ಒಂದು ಪಾಲಿಗಿಂತ ಕಡಿಮೆ! 2023ರಲ್ಲಿ ಅದು ಪ್ಲಾಸ್ಮಾವನ್ನು 8 ನಿಮಿಷ ಹಿಡಿದಿಟ್ಟಿತು. ವಿದ್ಯುತ್ ತಯಾರಿಸಲು ಕಟ್ಟಿದ್ದಲ್ಲ ಅದು, ಹಿಡಿತ ಸಾಧ್ಯವೇ ಎಂದು ನೋಡಲು ಕಟ್ಟಿದ್ದು.

ಟೋಕಾಮಕ್ ತನ್ನ ಕಷ್ಟವನ್ನು ಓಡುವಾಗ ಅನುಭವಿಸುತ್ತದೆ, ಸ್ಟೆಲ್ಲರೇಟರ್ ಕಟ್ಟುವಾಗಲೇ. ನನಗೆ ಎರಡನೆಯದೇ ವಾಸಿ ಅನ್ನಿಸುತ್ತದೆ. ಆದರೆ ಕಟ್ಟುವ ಕಷ್ಟ ಕಮ್ಮಿಯೇನಲ್ಲ: ಪ್ರಿನ್ಸ್‌ಟನ್‌ನಲ್ಲೇ ಶುರುವಾದ ಎನ್‌ಸಿಎಸ್ಎಕ್ಸ್ ಎಂಬ ಸ್ಟೆಲ್ಲರೇಟರ್ ಅನ್ನು, ಖರ್ಚು ಕೈಮೀರಿತೆಂದು, 2008ರಲ್ಲಿ ಅರ್ಧಕ್ಕೇ ಕೈಬಿಟ್ಟರು.