ರಾಗಿ ಹುಟ್ಟಿದ್ದು ನಮ್ಮ ಸೀಮೆಯಲ್ಲೇ ಅಲ್ವಾ?

"ಸರ್, ರಾಗಿ ಹುಟ್ಟಿದ್ದು ನಮ್ಮ ಮಂಡ್ಯ, ಮೈಸೂರು ಸೀಮೆಯಲ್ಲೇ ಅಲ್ವಾ?" ರಾಗಿ ಕೊಯ್ಲು ಶುರುವಾಯಿತೆಂದರೆ ಈ ಪ್ರಶ್ನೆಯೂ ಶುರು. ನಾಗಮಂಗಲದಿಂದ ಬರುತ್ತದೆ, ಹುಣಸೂರಿನಿಂದ ಬರುತ್ತದೆ. ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಅಲ್ಲ. ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದಲ್ಲಿ. ಇಥಿಯೋಪಿಯಾದಿಂದ ಉಗಾಂಡಾದವರೆಗಿನ ಎತ್ತರದ ನಾಡಿನ ಜನ ಸುಮಾರು 5,000 ವರ್ಷಗಳ ಹಿಂದೆ ಒಂದು ಕಾಡುಹುಲ್ಲನ್ನು ಪಳಗಿಸಿ ರಾಗಿ ಮಾಡಿದರು.

ಇಷ್ಟು ಹೇಳಿದರೆ ಸಾಕು, ಮರುಮಾತು ಸಿದ್ಧ: "ಅದರ ಕಾಡುತಳಿ ನಮ್ಮ ಹೊಲದಲ್ಲೇ ಇದೆಯಲ್ಲ ಸರ್, ಹೆಸರೇ ಇಂಡಿಕಾ!" ಈ ಒಂದು ಮಾತು ಹೋಗಲೊಲ್ಲದು.

ಆ ಹುಲ್ಲು ನಿಮಗೆಲ್ಲ ಗೊತ್ತು. ಬದುವಿನಲ್ಲಿ, ರಸ್ತೆ ಪಕ್ಕದಲ್ಲಿ, ಆಟದ ಮೈದಾನದಲ್ಲಿ ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಬುಡ ಚಪ್ಪಟೆ, ಬೆಳ್ಳಗೆ. ಎಳೆಯದಿದ್ದಾಗ ಪೈರು ಯಾವುದು ಕಳೆ ಯಾವುದು ಅಂತ ಕಳೆ ಕೀಳುವವರೂ ತಡವರಿಸುತ್ತಾರೆ. 1753ರಲ್ಲಿ ಸಸ್ಯವಿಜ್ಞಾನಿ ಲಿನ್ನೇಯಸ್ ಅದಕ್ಕೆ 'ಇಂಡಿಕಸ್', ಅಂದರೆ ಇಂಡಿಯಾದ್ದು, ಅಂತ ಹೆಸರಿಟ್ಟ; ಅದೇ ಈಗಿನ 'ಇಂಡಿಕಾ'. ಅಷ್ಟೇ. ಹೆಸರು ನೋಡಿ ಹುಟ್ಟೂರು ಹೇಳುವುದಾದರೆ ರಾಗಿ ಲಂಕೆಯದಾಗಬೇಕು, ಯಾಕೆಂದರೆ ಅದರ ವೈಜ್ಞಾನಿಕ ಹೆಸರಿನ 'ಕೊರಕಾನಾ' ಬಂದಿರುವುದು ಸಿಂಹಳದ ಕುರಕ್ಕನ್ ಎಂಬ ಪದದಿಂದ.

ಹೆಸರು ಬಿಡಿ, ಗಿಡ ನೋಡಿ. ಈ ಕಳೆಗೆ 18 ಕ್ರೋಮೋಸೋಮ್, ರಾಗಿಗೆ 36. ರಾಗಿಯೊಳಗೆ ಎರಡು ಹುಲ್ಲುಗಳ ಪಾಲು ಸೇರಿದೆ. ಒಂದು ಪಾಲು ಈ ಕಳೆಯ ವಂಶದ್ದು, ನಿಜ. ಆದರೆ ಆ ಎರಡು ಪಾಲು ಒಂದಾದದ್ದು ಆಫ್ರಿಕಾದಲ್ಲಿ, ಮನುಷ್ಯ ಬೇಸಾಯ ಕಲಿಯುವುದಕ್ಕೆ ಬಹಳ ಮುಂಚೆ. ಹಾಗೆ ಹುಟ್ಟಿದ 36ರ ಕಾಡುಹುಲ್ಲೇ ರಾಗಿಯ ತಾಯಿ. ಅದು ಇವತ್ತಿಗೂ ಅಲ್ಲಿನ ರಾಗಿ ಹೊಲಗಳ ಅಂಚಿನಲ್ಲಿ ಬೆಳೆದು, ರಾಗಿಯ ಜೊತೆ ಬೆರೆಯುತ್ತದೆ. ನಮ್ಮ ಹೊಲದ ಕಳೆ ದೊಡ್ಡಮ್ಮನ ಮನೆಯ ಕಡೆಯದು, ತಾಯಿಯಲ್ಲ. ರಾಗಿ, ಈ ಕಳೆ ಎರಡೂ ಸೇರಿದ ಇಡೀ ಎಲ್ಯೂಸಿನ್ ಕುಲದಲ್ಲಿ ಇರುವುದೇ ಸುಮಾರು 10 ಪ್ರಭೇದ. ಹೆಚ್ಚಿನವುಗಳ ತವರು ಪೂರ್ವ ಆಫ್ರಿಕಾ. ಒಂದು ಮಾತ್ರ ದಕ್ಷಿಣ ಅಮೆರಿಕದ್ದು.

ಪಳಗಿಸುವುದು ಅಂದರೆ ಏನು ಅಂತ ಕೈಯಲ್ಲೇ ನೋಡಬಹುದು. ಬಲಿತ ಕಳೆಯ ತೆನೆಯನ್ನು ಅಂಗೈಯಲ್ಲಿ ಮೆಲ್ಲಗೆ ಉಜ್ಜಿ, ಕಾಳು ಉದುರಿಬಿಡುತ್ತದೆ. ಕಾಡುಹುಲ್ಲು ಬದುಕುವುದೇ ಹಾಗೆ. ರಾಗಿ ತೆನೆ ಉಜ್ಜಿ ನೋಡಿ, ಜಪ್ಪಯ್ಯ ಅನ್ನುವುದಿಲ್ಲ. ಅದಕ್ಕೇ ಅಲ್ವಾ ನಾವು ಹಿಂದೆ ಕಣ ಮಾಡಿ ಗುಂಡು ಹೊಡೆಯುತ್ತಿದ್ದದ್ದು, ಈಗ ಟಾರು ರಸ್ತೆಗೆ ಹರಡಿ ಲಾರಿ ಚಕ್ರಕ್ಕೆ ಕೊಡುವುದು? ಉದುರದ ತೆನೆಗಳನ್ನೇ ಆರಿಸಿ ಆರಿಸಿ ಬಿತ್ತಿದವರು ಆಫ್ರಿಕಾದ ರೈತರು.

ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ರಾಗಿ ಇಲ್ಲಿಗೆ ಬಂತು. ಜೋಳ, ಸಜ್ಜೆ ಕೂಡ ಆಫ್ರಿಕಾದಿಂದಲೇ ಬಂದವು. ಬಂದ ಮೇಲೆ ನಮ್ಮ ರೈತರು ಮುಂಗಾರಿಗೊಂದು, ಹಿಂಗಾರಿಗೊಂದು ಅಂತ ತಳಿ ಮಾಡಿಕೊಂಡರು. ಆ ಹೆಮ್ಮೆ ಪೂರ್ತಿ ನಮ್ಮದು.

ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಹೀಗೆ ಬೇರೆಯಾದ ಎರಡು ರಾಗಿಗಳು ಮತ್ತೆ ಸೇರಿದ್ದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ನಮ್ಮ ತಳಿಗಳನ್ನು ಆಫ್ರಿಕಾದ ತಳಿಗಳ ಜೊತೆ ಬೆರೆಸಿದರು. ಸುಲಭದ ಕೆಲಸವಲ್ಲ ಅದು. ರಾಗಿಯ ಹೂ ಕಣ್ಣಿಗೆ ಕಾಣದಷ್ಟು ಸಣ್ಣದು. ನಡುರಾತ್ರಿ ಕಳೆದ ಮೇಲೆ ಅರಳಿ, ಬೆಳಕು ಹರಿಯುವಷ್ಟರಲ್ಲಿ ತನ್ನ ಪರಾಗದಿಂದಲೇ ಕಾಳು ಕಟ್ಟಲು ಶುರುಮಾಡಿರುತ್ತದೆ. ಅಂಥದ್ದರಲ್ಲಿ ಬೆರಕೆ ಮಾಡಿ ತೆಗೆದ ತಳಿಗಳೇ ಇಂಡಾಫ್. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಇಂಡಾಫ್ ಬಿತ್ತಿದ ವರ್ಷ ಕಣಜ ಎಷ್ಟು ತುಂಬಿತ್ತು ಅಂತ ಅವರೇ ಹೇಳುತ್ತಾರೆ.