ಟಿವಿಯಲ್ಲಿ ಆಟಿಸಂ: ಕ್ಯಾಮೆರಾ ಯಾರ ಕಡೆ ನಿಂತಿತ್ತು?

ಕಾಸರಗೋಡಿನ ಮನೆಗಳಲ್ಲಿ ಸಂಜೆಯ ಟಿವಿಗೆ ಒಂದೇ ಭಾಷೆ ಅಂತಿಲ್ಲ. ಕನ್ನಡ ಧಾರಾವಾಹಿ ಮುಗಿದ ಮೇಲೆ ಮಲಯಾಳ ವಾರ್ತೆ, ರಜೆಯ ದಿನ ಹಿಂದಿ ಸಿನಿಮಾ, ಕಾಲೇಜಿಗೆ ಹೋಗುವ ಮಕ್ಕಳ ಮೊಬೈಲಿನಲ್ಲಿ ಕೊರಿಯನ್ ಸೀರಿಯಲ್. ಮಾತು, ಒಡನಾಟ, ಸದ್ದು-ಸ್ಪರ್ಶದ ಅನುಭವ ಇತರರಿಗಿಂತ ಬೇರೆ ಥರ ಇರುವ, ಮಿದುಳಿನ ಬೆಳವಣಿಗೆಯ ಸ್ಥಿತಿ ಆಟಿಸಂ. ಅದು ಪರದೆಯ ಮೇಲೆ ಯಾವ ಯಾವ ರೂಪದಲ್ಲಿ ಬಂತೋ ಅದರ ಬಹುಪಾಲನ್ನು ಈ ಜಿಲ್ಲೆಯವರು ನೋಡಿದ್ದಾರೆ. ಆದರೂ ಮೂರು ವರ್ಷ ದಾಟಿಯೂ ಮಾತು ಬಾರದ, ಹೆಸರು ಕೂಗಿದರೆ ತಿರುಗಿ ನೋಡದ ಮಗುವಿನ ವಿಷಯ ಬಂದರೆ ಬದಿಯಡ್ಕದಲ್ಲೋ ಪೆರ್ಲದಲ್ಲೋ ಕಿವಿಗೆ ಬೀಳುವುದು ಮುಖ್ಯವಾಗಿ ಎರಡು ಮಾತು. "ಅವನ ಅಪ್ಪನೂ ಮಾತಾಡಿದ್ದು ತಡವಾಗಿಯೇ, ಸರಿಯಾಗ್ತದೆ ಬಿಡಿ" ಎಂಬುದು ಅಜ್ಜಿಯಂದಿರದು. ಡಾಕ್ಟರು ಆಟಿಸಂ ಎಂದ ಮೇಲೆ ನೆಂಟರದು ಇನ್ನೊಂದು: "ಇಂಥವರಿಗೆ ಏನಾದರೊಂದು ವಿಶೇಷ ಬುದ್ಧಿ ಇರ್ತದಂತಲ್ಲ, ಇವನಿಗೆ ಎಂತ ಉಂಟು?"

ಅಜ್ಜಿಯ ಮಾತು ಮನೆಯ ಅನುಭವದಿಂದ ಹುಟ್ಟಿದ್ದು. ನೆಂಟರ ಪ್ರಶ್ನೆ ಮಾತ್ರ ಪರದೆಯಿಂದ ಇಳಿದು ಬಂದದ್ದು. ಆ ಪ್ರಶ್ನೆಗೆ ಉತ್ತರವಿಲ್ಲದೆ ತಲೆ ತಗ್ಗಿಸುವ ತಾಯಂದಿರನ್ನು ಕಂಡವರಿಗೆ, ಅದು ಎಲ್ಲಿಂದ ಹೊರಟು ನಮ್ಮ ಜಗಲಿ ತಲುಪಿತು ಎಂದು ಹುಡುಕಬೇಕು ಅನ್ನಿಸದೇ ಇರದು.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಒಂದು ಪ್ರಬಂಧ ಬರೆದರು. ಮರುವರ್ಷ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ ಅವರ ಬರಹ ಬಂತು. ಆಟಿಸಂ ವೈದ್ಯಲೋಕದಲ್ಲಿ ಪ್ರತ್ಯೇಕ ಸ್ಥಿತಿಯಾಗಿ ಗುರುತಾದದ್ದು ಹೀಗೆ. ದುರದೃಷ್ಟ ಏನೆಂದರೆ, ಮುಂದಿನ ಎರಡು ದಶಕ ಚರ್ಚೆಯೆಲ್ಲ ಹೆತ್ತವರ ಸುತ್ತಲೇ ತಿರುಗಿತು. ಅಮ್ಮನ ಮನಸ್ಸು ತಣ್ಣಗಿದ್ದರೆ, ಮಗುವನ್ನು ಪ್ರೀತಿಯಿಂದ ಹತ್ತಿರ ಸೇರಿಸಿಕೊಳ್ಳದಿದ್ದರೆ ಮಗು ಹೀಗಾಗುತ್ತದೆ ಎಂಬ ವಾದವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂನೋ ಬೆಟಲ್‌ಹೈಮ್ 1967ರ ಪುಸ್ತಕದಲ್ಲಿ ಊರೆಲ್ಲ ಹರಡಿದರು. ಅದಕ್ಕೂ ಮೂರು ವರ್ಷ ಮೊದಲೇ, ಆಟಿಸಂ ಇರುವ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್, ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ತಾಯಿಯ ತಪ್ಪೇನೂ ಇಲ್ಲ ಎಂದು ಬರೆದಿದ್ದರು. ಆದರೆ ಆ ಮಾತು ಜನರನ್ನು ಮುಟ್ಟಲು ಬಹಳ ಸಮಯ ಹಿಡಿಯಿತು.

ಟಿವಿ ಈ ವಿಷಯಕ್ಕೆ ಕೈ ಹಾಕಿದ್ದು ಇದೇ ಹೊತ್ತಿನಲ್ಲಿ. 1979ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿ 'ಸನ್-ರೈಸ್' ಎಂಬ ಟಿವಿ ಚಿತ್ರ ಪ್ರಸಾರ ಮಾಡಿತು. ಅಪ್ಪ ಅಮ್ಮ ಹಗಲಿರುಳು ಮಗನ ಜತೆಗೇ ಕುಳಿತು, ಅವನು ತಟ್ಟೆ ತಿರುಗಿಸಿದರೆ ತಾವೂ ತಟ್ಟೆ ತಿರುಗಿಸಿ, ಕೊನೆಗೆ ಅವನನ್ನು ಆಟಿಸಂನಿಂದ ಹೊರಗೆ ತಂದರು ಎಂಬ ಕಥೆ. ನೋಡಿದವರ ಕಣ್ಣು ತುಂಬಿರಬಹುದು. ಆದರೆ ಅಮ್ಮನ ಪ್ರೀತಿ ಸಾಲದೆ ಹೀಗಾಯಿತು ಎನ್ನುವುದಕ್ಕೂ ಅಮ್ಮನ ಪ್ರೀತಿಯಿಂದ ವಾಸಿಯಾಯಿತು ಎನ್ನುವುದಕ್ಕೂ ಅಂತರ ಅಷ್ಟೇನೂ ಇಲ್ಲ. ಎರಡರಲ್ಲೂ ಕಟಕಟೆಯಲ್ಲಿ ನಿಲ್ಲುವವಳು ಅಮ್ಮನೇ. ವಾಸಿಯಾಗದ ಮಗುವಿನ ತಾಯಿ ಆ ಚಿತ್ರ ನೋಡಿ ಏನೆಂದುಕೊಂಡಿರಬೇಡ?

1988 ಈ ಇತಿಹಾಸದಲ್ಲಿ ದೊಡ್ಡ ವರ್ಷ. ಆ ಮೇ ತಿಂಗಳಲ್ಲಿ 'ಸೇಂಟ್ ಎಲ್ಸ್‌ವೇರ್' ಎಂಬ ಆಸ್ಪತ್ರೆ ಧಾರಾವಾಹಿ ಮುಗಿಯಿತು. ಅದರಲ್ಲಿ ಡಾ. ವೆಸ್ಟ್‌ಫಾಲ್ ಅವರ ಮಗ ಟಾಮಿಗೆ ಆಟಿಸಂ. ಆರು ವರ್ಷ ಓಡಿದ ಕಥೆಯ ಕೊನೆಯ ದೃಶ್ಯದಲ್ಲಿ ಅಪ್ಪ ಡಾಕ್ಟರನಾಗಿರುವುದಿಲ್ಲ, ಕಟ್ಟಡ ಕೆಲಸದಿಂದ ಮನೆಗೆ ಬಂದವನು. ಮಗ ನೆಲದಲ್ಲಿ ಕುಳಿತು ಕೈಯಲ್ಲೊಂದು ಗಾಜಿನ ಗೋಳ ಹಿಡಿದಿದ್ದಾನೆ. ಒಳಗೆ ಕೃತಕ ಹಿಮ, ಆ ಹಿಮದ ನಡುವೆ ಇಷ್ಟು ವರ್ಷ ನಾವು ನೋಡಿದ ಅದೇ ಆಸ್ಪತ್ರೆ. ಇಡೀ ಧಾರಾವಾಹಿಯೇ ಆ ಹುಡುಗನ ತಲೆಯೊಳಗಿನ ಕಲ್ಪನೆ ಎಂದು ಸೂಚನೆ. ಇವನು ದಿನವಿಡೀ ಏನು ಯೋಚಿಸುತ್ತಾನೋ ಎಂದು ಅಪ್ಪ ಹೇಳುತ್ತಾನೆ. ಗೋಳವನ್ನು ಟಿವಿಯ ಮೇಲಿಟ್ಟು ಎಲ್ಲರೂ ಊಟಕ್ಕೆ ಹೋಗುತ್ತಾರೆ. ಬರಹಗಾರರ ಚಮತ್ಕಾರವೆಂದು ಈ ದೃಶ್ಯ ಇವತ್ತಿಗೂ ಚರ್ಚೆಯಾಗುತ್ತದೆ. ನನಗಂತೂ ಅದು ಅರ್ಧ ತೆರೆದ ಬಾಗಿಲಿನ ಹಾಗೆ ಕಾಣುತ್ತದೆ: ಮಾತಾಡದ ಹುಡುಗನೊಳಗೆ ಒಂದು ಊರೇ ಇದೆ ಎಂದು ಒಪ್ಪಿಕೊಂಡವರು ಆ ಊರಿನೊಳಗೆ ಅವನೇ ನಮ್ಮನ್ನು ಕರೆದೊಯ್ಯಲಿ ಎಂದು ಬಿಡಲಿಲ್ಲ.

ಅದೇ ಡಿಸೆಂಬರಿನಲ್ಲಿ ಆಟಿಸಂ ಇರುವ ಅಣ್ಣ ಮತ್ತು ಅವನ ತಮ್ಮನ ಕಥೆಯ ಹಾಲಿವುಡ್ ಸಿನಿಮಾ 'ರೈನ್ ಮ್ಯಾನ್' ಬಂತು. ಡಸ್ಟಿನ್ ಹಾಫ್‌ಮನ್ ಪಾತ್ರ ನೆಲಕ್ಕೆ ಬಿದ್ದ ಹಲ್ಲುಕಡ್ಡಿಗಳನ್ನು ಕ್ಷಣದಲ್ಲಿ ಎಣಿಸುತ್ತದೆ, ಜೂಜಿನ ಎಲೆಗಳನ್ನು ನೆನಪಿಟ್ಟು ತಮ್ಮನಿಗೆ ಹಣ ಗೆಲ್ಲಿಸಿಕೊಡುತ್ತದೆ. ನಾಲ್ಕು ಆಸ್ಕರ್ ಬಂತು. ಈ ಪಾತ್ರಕ್ಕೆ ಸ್ಫೂರ್ತಿಯಾದ ಕಿಮ್ ಪೀಕ್ ಅದ್ಭುತ ನೆನಪಿನ ಶಕ್ತಿಯವರು ಹೌದು, ಆದರೆ ಅವರಿಗೆ ಆಟಿಸಂ ಇರಲಿಲ್ಲ ಎಂಬುದೇ ಮುಂದೆ ತಜ್ಞರ ಅಭಿಪ್ರಾಯವಾಯಿತು. ಅವರ ಮಿದುಳಿನ ರಚನೆಯೇ ಬೇರೆ ಥರ ಇತ್ತು. ಇಂಥ ಅಸಾಧಾರಣ ಶಕ್ತಿ ಆಟಿಸಂ ಇರುವವರಲ್ಲಿ ಕೆಲವರಿಗೆ ಮಾತ್ರ ಇರುತ್ತದೆ. ಆದರೆ ಜಗತ್ತಿನ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಹಲ್ಲುಕಡ್ಡಿಯ ಲೆಕ್ಕ. "ಇವನಿಗೆ ಎಂತ ಉಂಟು?" ಎಂಬ ಪ್ರಶ್ನೆ ಹುಟ್ಟಿದ ಊರು ಇದೇ.

ನಮ್ಮ ಕಡೆ ಆಗ ಇನ್ನೊಂದೇ ಅಚ್ಚು ಚಾಲ್ತಿಯಲ್ಲಿತ್ತು: ದೊಡ್ಡವನಾದರೂ ಮಗುವಿನ ಮನಸ್ಸಿನ, ಕಪಟ ಅರಿಯದ ನಾಯಕ. 1986ರ ತೆಲುಗಿನ 'ಸ್ವಾತಿ ಮುತ್ಯಂ', ಅದರ ಕನ್ನಡ ರೂಪವಾಗಿ 2003ರಲ್ಲಿ ಸುದೀಪ್ ನಟಿಸಿದ 'ಸ್ವಾತಿ ಮುತ್ತು' ಟಿವಿಯಲ್ಲಿ ಬಂದಾಗಲೆಲ್ಲ ಮನೆಮಂದಿ ಕೂತು ನೋಡಿದ್ದಾರೆ. ಅಲ್ಲಿ ಆಟಿಸಂ ಎಂಬ ಹೆಸರಿಲ್ಲ. ಆ ಪಾತ್ರ ಮುಗ್ಧ, ಒಳ್ಳೆಯವನು, ಅಷ್ಟೆ. ಮುಂದೆ ಕನ್ನಡ ಧಾರಾವಾಹಿಗಳಲ್ಲಿ ಇದೇ ಅಚ್ಚು ಮತ್ತೆ ಮತ್ತೆ ಬಂತು. ಒಂದೋ ಆಸ್ತಿಗಾಗಿ ಎಲ್ಲರೂ ಮೋಸ ಮಾಡುವ ಮುಗ್ಧ, ಇಲ್ಲವೇ ನಾಯಕಿಯ ತ್ಯಾಗವನ್ನು ಎತ್ತಿ ತೋರಿಸಲು ಇಟ್ಟ ತಮ್ಮ ಅಥವಾ ತಂಗಿ.

ನಮ್ಮ ದೇಶದ ಕಾನೂನಿನಲ್ಲೂ ಆಟಿಸಂನ ಹೆಸರು ಬಂದದ್ದು ತಡವಾಗಿಯೇ. 1995ರ ಅಂಗವಿಕಲರ ಕಾಯ್ದೆಯ ಏಳು ವಿಭಾಗಗಳಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಹೆಸರಿಸಿತು. 2016ರ ಕಾಯ್ದೆ 21 ವಿಭಾಗಗಳಲ್ಲಿ ಒಂದಾಗಿ ಸೇರಿಸಿತು.

ಭಾರತದ ಟಿವಿಯಲ್ಲಿ ಆಟಿಸಂ ಎಂದು ಬಾಯಿಬಿಟ್ಟು ಹೇಳಿ, ಅದನ್ನೇ ಕಥೆಯ ನಡುವಿಗೆ ತಂದ ಧಾರಾವಾಹಿ 2009ರಲ್ಲಿ ಝೀ ಟಿವಿಯ 'ಆಪ್ ಕೀ ಅಂತರಾ'. ಪುಟ್ಟ ಹುಡುಗಿಯೊಬ್ಬಳು ಒಂದು ಕುಟುಂಬಕ್ಕೆ ಬಂದು ಸೇರುವ ಕಥೆ. ಹುಡುಗಿಯರಲ್ಲೂ ಆಟಿಸಂ ಇರುತ್ತದೆ ಎಂದು ಎಷ್ಟೋ ಮಂದಿಗೆ ಗೊತ್ತಾದದ್ದೇ ಆಗ. ಮರುವರ್ಷ ಹಿಂದಿ ಸಿನಿಮಾ 'ಮೈ ನೇಮ್ ಈಸ್ ಖಾನ್', 2012ರಲ್ಲಿ 'ಬರ್ಫಿ'. 2013ರ ತಮಿಳು 'ಹರಿದಾಸ್' ನನಗೆ ಇವುಗಳಲ್ಲಿ ಹೆಚ್ಚು ಹತ್ತಿರದ್ದು. ನಮ್ಮ ಕಿಶೋರ್ ಅದರಲ್ಲಿ ಪೊಲೀಸ್ ಅಧಿಕಾರಿ, ಆಟಿಸಂ ಇರುವ ಮಗನನ್ನು ಒಬ್ಬನೇ ಸಾಕುವ ಅಪ್ಪ. ಮಗನ ಜತೆ ಶಾಲೆಗೆ ಹೋಗಿ ಕೂರುವ, ಅವನ ದಿನಚರಿಗೆ ತನ್ನ ದಿನಚರಿಯನ್ನು ಹೊಂದಿಸಿಕೊಳ್ಳುವ ಅಪ್ಪನನ್ನು ನಮ್ಮ ಸಿನಿಮಾ ಅಷ್ಟು ಸಹನೆಯಿಂದ ತೋರಿಸಿದ್ದು ಕಡಿಮೆ. ಆದರೆ ಅಲ್ಲಿಯೂ ಹುಡುಗ ಓಟಗಾರನಾಗಬೇಕಾಯಿತು. ಏನನ್ನೂ ಗೆಲ್ಲದ ಮಗನನ್ನು ಪ್ರೇಕ್ಷಕರು ಒಪ್ಪುತ್ತಾರೆ ಎಂಬ ಧೈರ್ಯ ಅದಕ್ಕೂ ಇರಲಿಲ್ಲ.

ಪ್ರತಿಭೆಯನ್ನು ಬಾಡಿಗೆಯಂತೆ ಕಟ್ಟಿಸಿಕೊಳ್ಳುವ ಈ ರೂಢಿ 'ದ ಗುಡ್ ಡಾಕ್ಟರ್'ನಲ್ಲಿ ಎದ್ದು ಕಾಣುತ್ತದೆ. 2013ರಲ್ಲಿ ಕೊರಿಯಾದಲ್ಲಿ ಹುಟ್ಟಿದ ಕಥೆ, 2017ರಿಂದ 2024ರವರೆಗೆ ಅಮೆರಿಕದಲ್ಲಿ ಓಡಿತು. ಮೊದಲ ಕಂತಿನಲ್ಲೇ ವಿಮಾನ ನಿಲ್ದಾಣದಲ್ಲಿ ಗಾಜು ಬಿದ್ದು ಹುಡುಗನೊಬ್ಬನಿಗೆ ಉಸಿರು ಕಟ್ಟುತ್ತದೆ. ಆಟಿಸಂ ಇರುವ ಯುವ ಡಾಕ್ಟರ್ ಶಾನ್ ಮರ್ಫಿ ಭದ್ರತಾ ತಪಾಸಣೆಯಲ್ಲಿ ಕಿತ್ತಿಟ್ಟ ಚಾಕು ಎತ್ತಿಕೊಂಡು, ವಿಸ್ಕಿ ಬಾಟಲಿ ಮತ್ತು ಕೊಳವೆಯಿಂದ ಎದೆಯ ಗಾಳಿ ಹೊರಗೆ ಬಿಡುವ ಉಪಕರಣ ಮಾಡಿ ಜೀವ ಉಳಿಸುತ್ತಾನೆ. ಅತ್ತ ಆಸ್ಪತ್ರೆಯ ಮಂಡಳಿ ಅವನನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ಜಗಳಾಡುತ್ತಿರುತ್ತದೆ. ಈ ಎರಡು ದೃಶ್ಯ ಒಟ್ಟಿಗೆ ಹೆಣೆದಿರುವುದರಿಂದ ಅರ್ಥ ಸ್ಪಷ್ಟ: ಜೀವ ಉಳಿಸಿದ, ಹಾಗಾಗಿ ಒಳಗೆ ಬರಬಹುದು. ಅಮೆರಿಕದ ಹಾಸ್ಯ ಧಾರಾವಾಹಿ 'ದ ಬಿಗ್ ಬ್ಯಾಂಗ್ ಥಿಯರಿ'ಯ ವಿಜ್ಞಾನಿ ಶೆಲ್ಡನ್ ಮಾತು ಬೇರೆ. ಅವನಿಗೆ ಆಟಿಸಂ ಎಂದು ಬರಹಗಾರರು ಕೊನೆಗೂ ಹೇಳಲಿಲ್ಲ, ಆದರೆ ಅದರ ಲಕ್ಷಣಗಳನ್ನು 12 ವರ್ಷ ನಗುವಿಗೆ ಬಳಸಿಕೊಂಡರು.

ಕಾಲೇಜು ಮಕ್ಕಳು ಮೆಚ್ಚಿದ ಕೊರಿಯಾದ 'ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ' 2022ರದು. ಅದರ ಮೂರನೆಯ ಕಂತನ್ನು ಎಲ್ಲರೂ ನೋಡಬೇಕು. ಕಾನೂನು ಪುಸ್ತಕಗಳನ್ನು ಕಂಠಪಾಠ ಮಾಡಿದ ವಕೀಲೆ ವೂಗೆ ಆಟಿಸಂ. ಅಲ್ಲಿ ಅವಳು ಆಟಿಸಂ ಇರುವ ಒಬ್ಬ ಆರೋಪಿಯ ಪರ ನಿಲ್ಲಬೇಕು. ಅವನಿಗೆ ಮಾತು ಕಡಿಮೆ, ಸಿಟ್ಟು ಬಂದರೆ ತನ್ನ ತಲೆಗೇ ಹೊಡೆದುಕೊಳ್ಳುತ್ತಾನೆ. ನಿಮಗೂ ಅದೇ ಅಲ್ಲವೇ, ನಿಮಗೆ ಅವನು ಅರ್ಥವಾಗಬೇಕು ಎಂದು ಸಹೋದ್ಯೋಗಿಗಳು ಅವಳನ್ನು ಮುಂದೆ ತಳ್ಳುತ್ತಾರೆ. ಅವಳಿಗೆ ಅವನು ಅರ್ಥವಾಗುವುದಿಲ್ಲ. ಅವನ ತಾಯಿಗೋ ಅವಳನ್ನು ನೋಡಿದರೆ ಸಂಕಟ, ಏಕೆಂದರೆ ತನ್ನ ಮಗ ಹೀಗಾಗಲಾರ. ಜನಪ್ರಿಯ ಧಾರಾವಾಹಿಯೊಂದು ತನ್ನದೇ ಜಾಣ ನಾಯಕಿಯನ್ನು ಇಂಥ ಪ್ರಶ್ನೆಯ ಎದುರು ನಿಲ್ಲಿಸಿತು ಎಂಬುದು ಸಣ್ಣ ಸಂಗತಿಯಲ್ಲ. ನಾಯಕಿಯ ಪಾತ್ರ ಮಾಡಿದವರಿಗೆ ಮಾತ್ರ ಆಟಿಸಂ ಇರಲಿಲ್ಲ.

ಆಟಿಸಂ ಇರುವವರನ್ನೂ ಅವರ ಹತ್ತಿರದವರನ್ನೂ ಇಂಥ ಕೆಲಸಕ್ಕೆ ಸೇರಿಸಿಕೊಳ್ಳುವ ಬದಲಾವಣೆ ಬೇರೆಡೆ ಶುರುವಾಗಿತ್ತು. 2017ರಲ್ಲಿ ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್'ಗೆ ಆಟಿಸಂ ಇರುವ ಜೂಲಿಯಾ ಎಂಬ ಬೊಂಬೆ ಬಂದಳು. ಅದರ ದೊಡ್ಡ ಹಕ್ಕಿ ಬಿಗ್ ಬರ್ಡ್ ನಮಸ್ಕಾರ ಹೇಳಿದರೂ ಅವಳು ಚಿತ್ರ ಬಿಡಿಸುವುದರಿಂದ ತಲೆಯೆತ್ತುವುದಿಲ್ಲ. ನಾನೆಂದರೆ ಅವಳಿಗೆ ಆಗುವುದಿಲ್ಲವೇನೋ ಎಂದು ಹಕ್ಕಿಗೆ ಬೇಸರ. ಅವಳ ರೀತಿಯೇ ಹಾಗೆ, ಉತ್ತರ ಬರಲು ಸ್ವಲ್ಪ ಹೊತ್ತು ಬೇಕು ಎಂದು ಜತೆಗಿದ್ದವರು ಹೇಳಿಕೊಡುತ್ತಾರೆ. ಜೂಲಿಯಾಳನ್ನು ಆಡಿಸಿದ ಕಲಾವಿದೆ ಸ್ಟೇಸಿ ಗಾರ್ಡನ್ ಸ್ವತಃ ಆಟಿಸಂ ಇರುವ ಮಗನ ತಾಯಿ. ಅದೇ ವರ್ಷ ನೆಟ್‌ಫ್ಲಿಕ್ಸ್‌ನ 'ಎಟಿಪಿಕಲ್' ಧಾರಾವಾಹಿ ಆಟಿಸಂ ಇರುವ ಕಲಾವಿದರು ಸಾಲದೆಂದು ಟೀಕೆ ಎದುರಿಸಿ, ಮುಂದಿನ ಸೀಸನ್‌ನಲ್ಲಿ ಅಂಥವರಿಗೆ ಹೆಚ್ಚು ಪಾತ್ರ ಕೊಟ್ಟಿತು. 2022ರ ಆಸ್ಟ್ರೇಲಿಯದ 'ಹಾರ್ಟ್‌ಬ್ರೇಕ್ ಹೈ'ಯಲ್ಲಿ ಕ್ವಿನ್ನಿಯಾಗಿ ನಟಿಸಿದ ಕ್ಲೋಯಿ ಹೇಡನ್ ತಾವೇ ಆಟಿಸಂ ಇರುವವರು. ಗೆಳತಿಯ ಜತೆ ಕ್ವಿನ್ನಿ ಹೋಟೆಲಿಗೆ ಹೋದಾಗ ಸುತ್ತಲಿನ ಸದ್ದು ನಮ್ಮ ಕಿವಿಯಲ್ಲೇ ಏರುತ್ತಾ ಹೋಗುತ್ತದೆ, ಎದುರಿನವರ ಮಾತು ಅದರಲ್ಲಿ ಮುಳುಗುತ್ತದೆ. ಅವಳನ್ನು ದೂರದಿಂದ ನೋಡುತ್ತಿದ್ದ ನಾವು ಆ ಹೊತ್ತಿಗೆ ಅವಳ ಕುರ್ಚಿಯಲ್ಲಿ ಕುಳಿತಿರುತ್ತೇವೆ. ನಲವತ್ತು ವರ್ಷ ಅಪ್ಪ ಅಮ್ಮನ ಪಕ್ಕ, ಡಾಕ್ಟರ ಪಕ್ಕ ನಿಂತಿದ್ದ ಕ್ಯಾಮೆರಾ ಈ ಕಡೆಗೆ ಬಂದದ್ದು ಹೀಗೆ.

ಕಾಸರಗೋಡಿಗೆ ಕ್ಯಾಮೆರಾದ ಜತೆ ಇನ್ನೊಂದು ಹಳೆಯ ಲೆಕ್ಕ ಇದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವುದು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ನಡೆಯಿತು. ವಾಣೀನಗರದ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಮೊದಲಾದವರು ಅದರಿಂದ ಜನರ, ಮಕ್ಕಳ ಆರೋಗ್ಯ ಕೆಡುತ್ತಿದೆ ಎಂದು ಎಚ್ಚರಿಸಿದ ಮೇಲೆ, ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಪಂಚಾಯತುಗಳ ಮನೆಯಂಗಳಕ್ಕೆ ವಾಹಿನಿಗಳು ಬಂದವು. ಅಮ್ಮನ ಮಡಿಲಲ್ಲಿ ಮಲಗಿದ ಮಗು, ಹಿನ್ನೆಲೆಯಲ್ಲಿ ಕೊಳಲಿನ ರಾಗ. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹೇರಿದ್ದಕ್ಕೆ, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಲು ಹೇಳಿದ್ದಕ್ಕೆ ಆ ಚಿತ್ರಗಳ ಬಲವೂ ಇತ್ತು. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಅದರ ಬೆಲೆಯನ್ನೂ ಹೇಳಬೇಕು. ವಿಶೇಷ ಅಗತ್ಯದ ಮಗು ಎಂದರೆ ಹೊರಗಿನವರಿಗೆ ಈ ಜಿಲ್ಲೆಯಲ್ಲಿ ಒಂದೇ ಚಿತ್ರ ಉಳಿಯಿತು. ಓಡಾಡುವ, ಗೋಡೆಯ ಸ್ವಿಚ್ಚನ್ನು ನೂರು ಸಲ ಒತ್ತುವ, ಹೊಸ ಅಂಗಿ ಮೈಗೆ ತಾಗಿದರೆ ಕಿರುಚುವ ಮಗು ಆ ಚಿತ್ರದಲ್ಲಿ ಸೇರಲಿಲ್ಲ. ಅಂಥ ಮಗುವಿನ ತಾಯಿ ಅಂಗಡಿಯಲ್ಲಿ ಕೇಳಿಸಿಕೊಳ್ಳುವುದು "ಮಗನಿಗೆ ಸ್ವಲ್ಪ ಬುದ್ಧಿ ಕಲಿಸಿ" ಎಂಬ ಉಪದೇಶ.

ಭಾಷೆಯ ತೊಡಕು ಇದರ ಮೇಲೆ. ಮನೆಯಲ್ಲಿ ತುಳುವೋ ಹವ್ಯಕವೋ, ಹೊರಗೆ ಕನ್ನಡ, ಥೆರಪಿ ಹತ್ತಿರದಲ್ಲಿ ಸಿಕ್ಕಿದರೆ ಬಹಳ ಸಲ ಮಲಯಾಳದಲ್ಲಿ. ಕನ್ನಡದಲ್ಲಿ ಬೇಕೆಂದರೆ ಮಂಗಳೂರು ಬಸ್ಸು ಹತ್ತಬೇಕು. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿಯೂ ನಿಂತಿತು. ಮಾತೇ ಕಷ್ಟವಾದ ಮಗುವಿಗೆ ಯಾವ ಭಾಷೆಯಲ್ಲಿ ಮಾತು ಕಲಿಸಬೇಕು ಎಂಬ ಈ ಮನೆಗಳ ಚಿಂತೆಯನ್ನು ಕಥೆ ಮಾಡಿದ ಧಾರಾವಾಹಿಯನ್ನು ಕನ್ನಡದಲ್ಲಾಗಲಿ ಮಲಯಾಳದಲ್ಲಾಗಲಿ ನಾನು ಕಂಡಿಲ್ಲ.

2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಒಂದು ಸಿನಿಮಾ ಪ್ರಕರಣದ ತೀರ್ಪಿನಲ್ಲಿ, ಅಂಗವೈಕಲ್ಯ ಇರುವವರನ್ನು ಹೀಯಾಳಿಸುವ ಹಾಸ್ಯಕ್ಕೂ ಅವರನ್ನು ಅರ್ಥ ಮಾಡಿಸುವ ಹಾಸ್ಯಕ್ಕೂ ಗೆರೆ ಎಳೆಯಿತು. ಅವರನ್ನು ಬಿಟ್ಟು ಅವರ ಕಥೆ ಮಾಡಬಾರದು, ಅವರ ನಿಜವಾದ ಬದುಕು ಪರದೆಗೆ ಬರಬೇಕು ಎಂದಿತು. 2025ರ ಹಿಂದಿ ಸಿನಿಮಾ 'ಸಿತಾರೆ ಜಮೀನ್ ಪರ್' ಆಟಿಸಂ, ಡೌನ್ ಸಿಂಡ್ರೋಮ್ ಮೊದಲಾದವು ಇರುವ 10 ಹೊಸ ಕಲಾವಿದರನ್ನೇ ಮುಂದೆ ತಂದಿತು, ಜನ ನೋಡಿದರು. ನಟಿಸುವವರು ಸಿಗುವುದಿಲ್ಲ ಎಂಬ ನೆಪ ಇನ್ನು ಸಲ್ಲದು.

ಎರಡೂವರೆ ಗಂಟೆಯ ಸಿನಿಮಾಕ್ಕೆ ಒಂದು ಗೆಲುವು ಬೇಕಾಗುತ್ತದೆ, ಅದಕ್ಕೇ ಅದು ಓಟವನ್ನೋ ಹಲ್ಲುಕಡ್ಡಿಯನ್ನೋ ಹುಡುಕುತ್ತದೆ. ಧಾರಾವಾಹಿಗೆ ಆ ಅವಸರ ಇಲ್ಲ. ದಿನಕ್ಕೆ ಅರ್ಧ ಗಂಟೆಯಂತೆ ವರ್ಷಗಟ್ಟಲೆ ಓಡುವ ಕನ್ನಡ ಧಾರಾವಾಹಿಯಲ್ಲಿ ಒಬ್ಬ ಹುಡುಗ ಕ್ಷೌರಕ್ಕೆ ಕೂರಲು ಕಲಿಯುವುದಕ್ಕೆ ಒಂದು ವಾರ ಕೊಡಬಹುದು. ಕುಂಬಳೆ ಬೆಡಿಯ, ಅಂದರೆ ಜಾತ್ರೆಯ ಸಿಡಿಮದ್ದಿನ, ದಿನ ಅವನನ್ನು ಎಲ್ಲಿ ಮಲಗಿಸುವುದೆಂಬ ಮನೆಯ ಚರ್ಚೆಯನ್ನು ತೋರಿಸಬಹುದು. ಯಕ್ಷಗಾನದಲ್ಲಿ ಚೆಂಡೆ ಪೆಟ್ಟಿಗೆ ಕಿವಿ ಮುಚ್ಚಿಕೊಂಡು ವೇಷ ಕಟ್ಟುವ ಚೌಕಿಗೆ ಓಡುವ, ಅಲ್ಲಿ ಬಣ್ಣ ಹಚ್ಚುವುದನ್ನು ಗಂಟೆಗಟ್ಟಲೆ ನೋಡುತ್ತಾ ಕೂರುವ ಹುಡುಗನನ್ನು, ಮುಂದೆ ಅವನು ವೇಷಧಾರಿಯಾಗಿ ಮೆರೆದ ಎಂದು ಮುಗಿಸದೆ, ಸುಮ್ಮನೆ ಹಾಗೆಯೇ ತೋರಿಸಬಹುದು. ಬರೆಯಲು ಕೂರುವ ಮೊದಲು ವಾಹಿನಿಯವರು ಎಣ್ಮಕಜೆಯಂಥ ಊರುಗಳ ಬಡ್ಸ್ ಶಾಲೆಗೆ, ಅಂದರೆ ವಿಶೇಷ ಅಗತ್ಯದ ಮಕ್ಕಳ ಶಾಲೆಗೆ, ಬರಲಿ, ಈ ಸಲ ಕ್ಯಾಮೆರಾ ಬಿಟ್ಟು, ಅಲ್ಲಿನ ದೊಡ್ಡ ಮಕ್ಕಳ ಜತೆ ಕೆಲವು ವಾರ ಕಳೆಯಲಿ.