ಮೊದಲು ನೆಟ್‌ವರ್ಕ್ ಪ್ಲಸ್ ಮಾಡ್ಲಾ, ನೇರ ಸಿಸಿಎನ್‌ಎ ಮಾಡ್ಲಾ?

ಪ್ರಶ್ನೆ: "ಸಾರ್, ಡಿಪ್ಲೊಮಾ ಮುಗಿಸಿದ್ದೀನಿ. ನೆಟ್‌ವರ್ಕಿಂಗ್ ಕಡೆ ಹೋಗಬೇಕು ಅಂತ ಆಸೆ. ಮೊದಲು ನೆಟ್‌ವರ್ಕ್ ಪ್ಲಸ್ ಮಾಡ್ಲಾ, ಇಲ್ಲ ನೇರವಾಗಿ ಸಿಸಿಎನ್‌ಎ ಮಾಡ್ಲಾ? ಬೇಸಿಕ್ ಸರ್ಟಿಫಿಕೇಟ್ ಇಲ್ಲದೆ ಸಿಸಿಎನ್‌ಎ ಪರೀಕ್ಷೆಗೆ ಕೂರಿಸಲ್ಲ ಅಂತಾರೆ, ನಿಜಾನಾ?"

ಸಿಸಿಎನ್‌ಎ ಮಾಡಿ. ನೇರವಾಗಿ. ಕೂರಿಸಲ್ಲ ಅನ್ನೋದು ಸುಳ್ಳು.

ಉತ್ತರ ಇಷ್ಟೇ. ಆದರೆ ಇಷ್ಟೇ ಹೇಳಿದರೆ ಯಾರೂ ನಂಬೋದಿಲ್ಲ ಅಂತ ನನಗೆ ಅನುಭವ ಇದೆ. "ಆದ್ರೂ ಸಾರ್, ಬೇಸಿಕ್ ಬೇಡ್ವಾ?" ಅಂತ ವಾಪಸ್ ಬರುತ್ತಾರೆ. ಅದಕ್ಕೇ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ, ಬೇಜಾರು ಮಾಡ್ಕೋಬೇಡಿ.

ಬೆಂಗಳೂರಿನ ಕೋಚಿಂಗ್ ಸೆಂಟರ್‌ಗಳ ಗೋಡೆ ಮೇಲೆ ಒಂದು ಚಿತ್ರ ನೋಡಿರುತ್ತೀರಿ. ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ಕೆಳಗೆ ಕಂಪ್ಯೂಟರ್ ರಿಪೇರಿಯ ಎ ಪ್ಲಸ್, ಅದರ ಮೇಲೆ ನೆಟ್‌ವರ್ಕ್ ಪ್ಲಸ್, ಆಮೇಲೆ ಸಿಸಿಎನ್‌ಎ, ಸಿಸಿಎನ್‌ಪಿ, ತುತ್ತತುದಿಯಲ್ಲಿ ಸೂಟು ಹಾಕಿಕೊಂಡು ನಿಂತಿರುವ ಸಿಸಿಐಇ. ಎಸ್‌ಎಸ್‌ಎಲ್‌ಸಿ ಆಗದೆ ಪಿಯುಸಿ ಇಲ್ಲ, ಪಿಯುಸಿ ಆಗದೆ ಡಿಗ್ರಿ ಇಲ್ಲ ಅಂತ ಬೆಳೆದವರು ನಾವು. ಆ ಚಿತ್ರ ನೋಡಿದ ತಕ್ಷಣ ತಲೆಯಲ್ಲಿ ಕೂತುಬಿಡುತ್ತದೆ. ಆದರೆ ಇಲ್ಲಿ ಬೋರ್ಡೂ ಇಲ್ಲ, ಹಿಂದಿನ ಕ್ಲಾಸಿನ ಮಾರ್ಕ್ಸ್ ಕಾರ್ಡೂ ಕೇಳುವುದಿಲ್ಲ. ಎ ಪ್ಲಸ್, ನೆಟ್‌ವರ್ಕ್ ಪ್ಲಸ್ ಕೊಡುವುದು ಕಾಂಪ್‌ಟಿಯಾ ಎಂಬ ಸಂಸ್ಥೆ. ಸಿಸಿಎನ್‌ಎ ಮತ್ತು ಅದರ ಮೇಲಿನವನ್ನು ಕೊಡುವುದು ರೌಟರ್, ಸ್ವಿಚ್ ಅನ್ನುವ ನೆಟ್‌ವರ್ಕ್ ಡಬ್ಬಗಳನ್ನು ಮಾಡುವ ಸಿಸ್ಕೊ ಕಂಪನಿ. ಇಬ್ಬರೂ ಬೇರೆ ಬೇರೆ ಅಂಗಡಿಯವರು. ಒಬ್ಬರ ಅಂಗಡಿಯ ಬಿಲ್ ತೋರಿಸಿದರೆ ಮಾತ್ರ ಇನ್ನೊಬ್ಬರು ಸಾಮಾನು ಕೊಡುತ್ತಾರೆ ಅಂದರೆ ನಂಬುತ್ತೀರಾ?

ಸಿಸಿಎನ್‌ಎ ಪರೀಕ್ಷೆಯ ಸಂಖ್ಯೆ 200-301. 120 ನಿಮಿಷ. ಅದಕ್ಕೆ ಯಾವ ಸರ್ಟಿಫಿಕೇಟೂ ಮೊದಲು ಬೇಕಿಲ್ಲ, ಡಿಗ್ರಿಯೂ ಬೇಕಿಲ್ಲ. ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಕಂಪನಿಯ ಸೈಟಿನಲ್ಲಿ ದುಡ್ಡು ಕಟ್ಟಿ ದಿನ ಗೊತ್ತು ಮಾಡಿಕೊಂಡರೆ ಆಯಿತು. ಪರೀಕ್ಷೆ ದಿನ ಅವರು ಕೇಳುವುದು ನಿಮ್ಮ ಗುರುತಿನ ಚೀಟಿ ಮಾತ್ರ.

ಹಾಗಾದರೆ ಈ ಮೆಟ್ಟಿಲಿನ ಕಥೆ ಎಲ್ಲಿಂದ ಬಂತು? ಪೂರ್ತಿ ಗಾಳಿ ಮಾತಲ್ಲ, ಅದೇ ತಮಾಷೆ. 2007ರಲ್ಲಿ ಸಿಸ್ಕೊದವರೇ ಸಿಸಿಎನ್‌ಎ ಕೆಳಗೆ ಒಂದು ಸಣ್ಣ ಮೆಟ್ಟಿಲು ಇಟ್ಟಿದ್ದರು. ಸಿಸಿಇಎನ್‌ಟಿ ಅಂತ ಹೆಸರು. ಅರ್ಧ ಪಾಠ ಓದಿ ಅದನ್ನು ಪಾಸು ಮಾಡುವುದು, ಉಳಿದರ್ಧ ಓದಿ ಇನ್ನೊಂದು ಪರೀಕ್ಷೆ ಬರೆದರೆ ಸಿಸಿಎನ್‌ಎ. ಆವಾಗಲೂ ಎರಡನ್ನೂ ಸೇರಿಸಿ ಒಂದೇ ಪರೀಕ್ಷೆ ಬರೆಯುವ ದಾರಿ ಇತ್ತು. ಅಂದರೆ ಮೆಟ್ಟಿಲು ಇದ್ದಾಗಲೂ ಹತ್ತಲೇಬೇಕು ಅಂತ ಇರಲಿಲ್ಲ! 2020ರ ಫೆಬ್ರವರಿ 24ಕ್ಕೆ ಸಿಸಿಇಎನ್‌ಟಿಯನ್ನೇ ನಿಲ್ಲಿಸಿದರು. ಅಲ್ಲಿಯವರೆಗೆ ಸಿಸಿಎನ್‌ಪಿಗೆ ಸಿಸಿಎನ್‌ಎ ಬೇಕಿತ್ತು, ಅದನ್ನೂ ಅದೇ ದಿನ ತೆಗೆದರು. ಇದೆಲ್ಲ ಆಗಿ ವರ್ಷಗಳೇ ಕಳೆದವು. ಗೋಡೆ ಮೇಲಿನ ಚಿತ್ರ ಮಾತ್ರ ಹಾಗೇ ಇದೆ. ಬದಲಾಯಿಸಿದರೆ ಎರಡು ಕೋರ್ಸಿನ ಫೀಸು ಹೋಗುತ್ತದಲ್ಲ.

ಇನ್ನೊಂದು ಮೂಲ ಅಮೆರಿಕ. ಯೂಟ್ಯೂಬಿನಲ್ಲಿ ಹುಡುಕಿದರೆ ಅಮೆರಿಕದವರು "ಮೊದಲು ನೆಟ್‌ವರ್ಕ್ ಪ್ಲಸ್ ಮಾಡಿ" ಅನ್ನುವುದು ಕೇಳಿರುತ್ತೀರಿ. ಅವರ ಮಟ್ಟಿಗೆ ಅದು ಸರಿಯೇ. ಅಲ್ಲಿನ ರಕ್ಷಣಾ ಇಲಾಖೆ 8570 ಎಂಬ ನಿಯಮ ಮಾಡಿ, ತನ್ನ ಕಂಪ್ಯೂಟರ್ ಮುಟ್ಟುವವರಿಗೆ ಇಂತಿಂಥ ಸರ್ಟಿಫಿಕೇಟ್ ಇರಬೇಕು ಅಂತ ಪಟ್ಟಿ ಹಾಕಿತ್ತು. ಕೆಳಗಿನ ಹಂತದ ಕೆಲಸದ ಪಟ್ಟಿಯಲ್ಲಿ ಎ ಪ್ಲಸ್, ನೆಟ್‌ವರ್ಕ್ ಪ್ಲಸ್ ಇದ್ದವು. ಸರ್ಕಾರಿ ಗುತ್ತಿಗೆ ಹಿಡಿದ ಕಂಪನಿಗಳೆಲ್ಲ ಅದನ್ನೇ ಕೇಳಬೇಕಾಯಿತು. ಆ ನಿಯಮಕ್ಕೂ ದಾವಣಗೆರೆಯಲ್ಲಿ ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಬಸ್ ಹತ್ತುವ ಹುಡುಗನಿಗೂ ಏನು ಸಂಬಂಧ? ನೀವೇ ನೌಕ್ರಿ ಸೈಟಿನಲ್ಲಿ "ನೆಟ್‌ವರ್ಕ್ ಇಂಜಿನಿಯರ್, ಫ್ರೆಶರ್, ಬೆಂಗಳೂರು" ಅಂತ ಹುಡುಕಿ. ಮೊದಲ 30 ಜಾಹೀರಾತು ತೆಗೆದು, ಒಂದು ಹಾಳೆಯಲ್ಲಿ ಸಿಸಿಎನ್‌ಎ ಎಷ್ಟು ಕಡೆ ಇದೆ, ನೆಟ್‌ವರ್ಕ್ ಪ್ಲಸ್ ಎಷ್ಟು ಕಡೆ ಇದೆ ಅಂತ ಗೆರೆ ಹಾಕುತ್ತಾ ಹೋಗಿ. ಅರ್ಧ ಗಂಟೆ ಕೆಲಸ. ನನ್ನ ಮಾತು ನಂಬಬೇಡಿ, ಆ ಗೆರೆಗಳನ್ನು ನಂಬಿ.

ಈಗ "ಆದ್ರೂ ಬೇಸಿಕ್ ಬೇಡ್ವಾ" ಪ್ರಶ್ನೆಗೆ ಬರೋಣ. ಬೇಕು. ಖಂಡಿತ ಬೇಕು. ಆದರೆ ಬೇಸಿಕ್ ಕಲಿಯುವುದು ಬೇರೆ, ಬೇಸಿಕ್ಕಿಗೆ ಅಂತ ಇನ್ನೊಂದು ಪರೀಕ್ಷೆಗೆ ದುಡ್ಡು ಕಟ್ಟುವುದು ಬೇರೆ. ಸೈಕಲ್ ತುಳಿದು ಬ್ಯಾಲೆನ್ಸ್ ಕಲಿತವರಿಗೆ ಬೈಕ್ ಸುಲಭ. ಹಾಗಂತ ಬೈಕ್ ಲೈಸೆನ್ಸಿಗೆ ಮೊದಲು ಸೈಕಲ್ ಲೈಸೆನ್ಸ್ ತನ್ನಿ ಅನ್ನುವ ಆರ್‌ಟಿಒ ಆಫೀಸು ಎಲ್ಲಾದರೂ ಇದೆಯಾ? ಸಿಸಿಎನ್‌ಎ ಪಠ್ಯದಲ್ಲೇ 20 ಪರ್ಸೆಂಟ್ ಭಾಗ ನೆಟ್‌ವರ್ಕ್‌ನ ಮೂಲ ಪಾಠ. ಕೇಬಲ್ ಯಾವುದು, ಸ್ವಿಚ್ ಏನು ಮಾಡುತ್ತೆ, ಐಪಿ ವಿಳಾಸ ಅಂದರೇನು, ಎಲ್ಲ ಅದರಲ್ಲೇ ಬರುತ್ತದೆ. ನೆಟ್‌ವರ್ಕ್ ಪ್ಲಸ್‌ನಲ್ಲಿ ಓದುವ ಮುಖ್ಯ ವಿಷಯಗಳನ್ನು ಇಲ್ಲಿ ಮತ್ತೆ ಓದುತ್ತೀರಿ. ಒಂದೇ ಪಾಠಕ್ಕೆ ಎರಡು ಸಲ ಫೀಸು.

ಫೀಸು ಅಂದರೆ ಸಣ್ಣದಲ್ಲ. ಸಿಸಿಎನ್‌ಎಗೆ 300 ಡಾಲರ್, ಮೇಲೆ ಟ್ಯಾಕ್ಸ್. 30 ಸಾವಿರ ರೂಪಾಯಿ ಆಸುಪಾಸು. ನೆಟ್‌ವರ್ಕ್ ಪ್ಲಸ್ ಕೂಡ ಅಗ್ಗವೇನಲ್ಲ. ಹಿರಿಯೂರು ಕಡೆಯ ಒಬ್ಬ ಹುಡುಗ ಗೋಡೆಯ ಚಿತ್ರ ನಂಬಿ ಎ ಪ್ಲಸ್ ಮಾಡಿದ, ನೆಟ್‌ವರ್ಕ್ ಪ್ಲಸ್ ಮಾಡಿದ. ಸಿಸಿಎನ್‌ಎ ಹೊತ್ತಿಗೆ ಕೈಯಲ್ಲಿ ದುಡ್ಡೂ ಇರಲಿಲ್ಲ, ಮನೆಯಲ್ಲಿ ಮತ್ತೆ ಕೇಳುವ ಮುಖವೂ ಇರಲಿಲ್ಲ. ಅವನಿಗೆ ಬಂದ ಇಂಟರ್‌ವ್ಯೂಗಳಲ್ಲೆಲ್ಲ ಕೇಳಿದ ಮೊದಲ ಮಾತು, "ಸಿಸಿಎನ್‌ಎ ಆಗಿಲ್ವಾ?" ಅಂತ. ಅವನ ಮುಖ ನೆನಪಾದರೆ ನನಗೆ ಆ ಚಿತ್ರ ಕಿತ್ತುಹಾಕಬೇಕು ಅನಿಸುತ್ತದೆ.

ಬೇಸಿಕ್ ಬಂತಾ ಇಲ್ಲವಾ ಅಂತ ನೋಡಲು ಪರೀಕ್ಷೆ ಬೇಕಿದ್ದರೆ ನಾನೇ ಬಿಟ್ಟಿ ಕೊಡುತ್ತೇನೆ. ಒಂದು ಸ್ವಿಚ್‌ಗೆ ಎರಡು ಕಂಪ್ಯೂಟರ್ ಚುಚ್ಚಿದ್ದೀರಿ. ಒಂದರ ವಿಳಾಸ 192.168.10.70/26. ಇನ್ನೊಂದರದ್ದು 192.168.10.130/26. ಕೇಬಲ್ ಸರಿ ಇದೆ, ಲೈಟ್ ಉರಿಯುತ್ತಿದೆ. ಮಧ್ಯೆ ರೌಟರ್ ಇಲ್ಲ. ಪಿಂಗ್ ಆಗುತ್ತಾ, ಅಂದರೆ ಒಂದು ಕೂಗಿದರೆ ಇನ್ನೊಂದು ಓಗೊಡುತ್ತಾ?

ಆಗಲ್ಲ. ಯಾಕೆ? /26 ಅಂದರೆ ಕೊನೆಯ ಸಂಖ್ಯೆಯ 256 ವಿಳಾಸಗಳನ್ನು 64ರಂತೆ ನಾಲ್ಕು ಬೇಲಿ ಹಾಕಿ ಭಾಗ ಮಾಡಿದಂತೆ. 0ಯಿಂದ 63, 64ರಿಂದ 127, 128ರಿಂದ 191, 192ರಿಂದ 255. ಪ್ರತಿ ಭಾಗದಲ್ಲೂ ಮೊದಲನೆಯದು ನೆಟ್‌ವರ್ಕ್‌ನ ಹೆಸರಿಗೆ, ಕೊನೆಯದು ಬ್ರಾಡ್‌ಕಾಸ್ಟ್‌ಗೆ, ಅಂದರೆ ಎಲ್ಲರನ್ನೂ ಒಟ್ಟಿಗೆ ಕೂಗಲು. ಮಷೀನ್‌ಗಳಿಗೆ ಉಳಿಯುವುದು 62. 70 ಎರಡನೇ ಭಾಗದಲ್ಲಿದೆ, 130 ಮೂರನೇ ಭಾಗದಲ್ಲಿ. ಬೇಲಿ ದಾಟಿಸುವವನು ರೌಟರ್. ಅವನಿಲ್ಲದಿದ್ದರೆ ಒಂದೇ ಸ್ವಿಚ್ಚಿನಲ್ಲಿದ್ದರೂ ಅಕ್ಕಪಕ್ಕದವರಿಗೆ ಮಾತಿಲ್ಲ. ಇದನ್ನು ಪೆನ್ನು ಹಿಡಿಯದೆ ಬಾಯಲ್ಲಿ ಹೇಳುವಷ್ಟು ಬಂದರೆ ನಿಮ್ಮ ಬೇಸಿಕ್ ಚೆನ್ನಾಗಿದೆ. ಬರದಿದ್ದರೆ ಎರಡು ವಾರ ಇದನ್ನೇ ಮಾಡಿ, ಆಮೇಲೆ ಮುಂದೆ ಹೋಗಿ. ದಿನಾ ಹತ್ತು ಲೆಕ್ಕ. ನನ್ನ ಹತ್ತಿರ ಕಲಿತವರಲ್ಲಿ ಇದನ್ನು ಬಸ್ಸಿನಲ್ಲಿ ಟಿಕೆಟ್ ನಂಬರ್ ನೋಡಿಕೊಂಡು ಅಭ್ಯಾಸ ಮಾಡಿದವರಿದ್ದಾರೆ. ಅದು ಹೇಳಿಕೊಳ್ಳಲು ನನಗೆ ಸ್ವಲ್ಪ ಜಂಬವೇ.

ಪ್ರ್ಯಾಕ್ಟೀಸ್‌ಗೆ ಸಿಸ್ಕೊದ್ದೇ ಪ್ಯಾಕೆಟ್ ಟ್ರೇಸರ್ ಇದೆ, ಪರದೆ ಮೇಲೆಯೇ ನೆಟ್‌ವರ್ಕ್ ಕಟ್ಟಿ ನೋಡುವ ಸಾಫ್ಟ್‌ವೇರ್. ಅವರ ನೆಟ್‌ವರ್ಕಿಂಗ್ ಅಕಾಡೆಮಿ ಸೈಟಿನಲ್ಲಿ ಲಾಗಿನ್ ಮಾಡಿಕೊಂಡರೆ ಉಚಿತ. ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ನಿಜವಾದ ಡಬ್ಬ ಮುಟ್ಟಬೇಕು ಅನಿಸಿದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸ್ವಿಚ್ ವಿಚಾರಿಸಿ ನೋಡಿ. ಲ್ಯಾಪ್‌ಟಾಪ್‌ನಿಂದ ಸ್ವಿಚ್‌ಗೆ ಕಮಾಂಡ್ ಕೊಡಲು ಬೇಕಾಗುವ ಕನ್ಸೋಲ್ ಕೇಬಲ್ ಕೇಳಿ ಇಸ್ಕೊಳ್ಳಿ, ಮರೆತು ಬಂದರೆ ಮತ್ತೆ ಓಡಬೇಕು.

ಮೆಟ್ಟಿಲು ಸುಳ್ಳು ಅಂದ ಕೂಡಲೇ ಕೆಲವರು ಇನ್ನೊಂದು ಕಡೆ ಜಾರುತ್ತಾರೆ. "ಹಾಗಾದ್ರೆ ನೇರ ಸಿಸಿಎನ್‌ಪಿನೇ ಮಾಡ್ತೀನಿ ಸಾರ್, ಕಾಂಬೋ ಆಫರ್ ಇದೆ." ನಿಯಮ ಅಡ್ಡ ಬರಲ್ಲ, ನಿಜ. ಇಂಟರ್‌ವ್ಯೂ ಮಾಡುವವರು ಅಡ್ಡ ಬರುತ್ತಾರೆ. ಒಂದು ದಿನವೂ ಕೆಲಸ ಮಾಡದವರ ರೆಸ್ಯೂಮಿನಲ್ಲಿ ಸಿಸಿಎನ್‌ಪಿ ಕಂಡರೆ ಅವರು ಬಿಜಿಪಿ ಅನ್ನುವ ಕಷ್ಟದ ರೌಟಿಂಗ್ ಪಾಠದಿಂದಲೇ ಶುರು ಮಾಡುತ್ತಾರೆ. ತಪ್ಪು ಅವರದ್ದಲ್ಲ, ನೀವೇ ಬರೆದುಕೊಂಡಿದ್ದು. ಎರಡು ವರ್ಷ ಕೆಲಸ ಮಾಡಿ, ಆಮೇಲೆ ನೋಡೋಣ.

ನೆಟ್‌ವರ್ಕ್ ಪ್ಲಸ್ ಕೆಟ್ಟದ್ದು ಅಂತ ನಾನು ಹೇಳಿಲ್ಲ, ಅದನ್ನೂ ತಿರುಚಬೇಡಿ. ಯಾವ ಕಂಪನಿಯ ಡಬ್ಬಕ್ಕೂ ಅಂಟಿಕೊಳ್ಳದ ಒಳ್ಳೆಯ ಪಾಠ ಅದು. ಅಮೆರಿಕದಲ್ಲಿ ಇರುವವರು, ಹೆಲ್ಪ್‌ಡೆಸ್ಕ್ ಕೆಲಸ ಹುಡುಕುವವರು ಮಾಡಿಕೊಳ್ಳಲಿ. ಹಾಗೆಯೇ ಟೆಲಿಕಾಂ, ಇಂಟರ್‌ನೆಟ್ ಸೇವೆ ಕೊಡುವ ಕಂಪನಿಗಳ ಕಡೆ ಕಣ್ಣಿದ್ದರೆ ಸಿಸ್ಕೊದಂಥದ್ದೇ ಡಬ್ಬ ಮಾಡುವ ಜುನಿಪರ್‌ನ ಜೆಎನ್‌ಸಿಐಎ ಸರ್ಟಿಫಿಕೇಟ್ ಚೆನ್ನಾಗಿದೆ. ಪರೀಕ್ಷೆಯ ಫೀಸೂ ಸಿಸಿಎನ್‌ಎಗಿಂತ ಕಡಿಮೆ. ಸಿಸ್ಕೊದವರೇ ಸಿಸಿಎಸ್‌ಟಿ ಅಂತ ಇನ್ನೂ ಚಿಕ್ಕದೊಂದು ತಂದಿದ್ದಾರೆ. ಕಾಲೇಜಿನಲ್ಲಿ ಇರುವಾಗಲೇ ಧೈರ್ಯಕ್ಕೆ ಒಂದು ಬೇಕು ಅನ್ನುವವರಿಗೆ ಸರಿ. ಆದರೆ ಪ್ರಶ್ನೆ ಕೇಳಿದವರು ಕೆಲಸಕ್ಕೆ ಹೊರಟಿದ್ದಾರೆ, ದುಡ್ಡು ಒಂದೇ ಪರೀಕ್ಷೆಗೆ ಇದೆ ಅಂದುಕೊಳ್ಳೋಣ. ಅವರಿಗೆ ಸಿಸಿಎನ್‌ಎ.

ಹಾಂ, ಸಿಸಿಎನ್‌ಎ ಮಾಡಿದರೆ ಸಿಸ್ಕೊದಲ್ಲೇ ಕೆಲಸ ಸಿಗುತ್ತದೆ ಅಂದುಕೊಂಡವರೂ ಇದ್ದಾರೆ. ಔಟರ್ ರಿಂಗ್ ರೋಡಿನಲ್ಲಿ ಅವರ ಆಫೀಸು ನೋಡಿ ಆಸೆಪಡುವುದು ಸಹಜ. ಅಲ್ಲಿ ಡಬ್ಬದ ಒಳಗಿನ ಸಾಫ್ಟ್‌ವೇರ್ ಬರೆಯುವವರೇ ಜಾಸ್ತಿ. ನಿಮ್ಮನ್ನು ಹುಡುಕುವುದು ಆ ಡಬ್ಬ ಕೊಂಡವರು. ಬ್ಯಾಂಕು, ಆಸ್ಪತ್ರೆ, ಡೇಟಾ ಸೆಂಟರ್, ಬೇರೆಯವರ ನೆಟ್‌ವರ್ಕ್ ನೋಡಿಕೊಳ್ಳುವ ಕಂಪನಿಗಳು.

ಇನ್ನು ಯಾರೂ ಬಾಯಿಬಿಟ್ಟು ಕೇಳದ ಒಂದು ಪ್ರಶ್ನೆ. ಸುತ್ತಿ ಬಳಸಿ ಕೇಳುತ್ತಾರೆ. "ಪರೀಕ್ಷೆ ತುಂಬಾ ಟಫ್ ಇರುತ್ತಾ ಸಾರ್? ಪ್ರಶ್ನೆ ಉದ್ದ ಇರುತ್ತಾ?" ಅಂತ. ಒಳಗಿನ ಮಾತು ಬೇರೆ: "ನಾನು ಕನ್ನಡ ಮೀಡಿಯಂ, ಆಗುತ್ತಾ?"

ಆಗುತ್ತೆ. ಪರೀಕ್ಷೆ ಇಂಗ್ಲಿಷಿನಲ್ಲೇ ಇರುತ್ತದೆ, ಕನ್ನಡದಲ್ಲಿ ಇಲ್ಲ. ಆದರೆ ಅದು ಕಥೆ ಪುಸ್ತಕದ ಇಂಗ್ಲಿಷ್ ಅಲ್ಲ. ಅದೇ ಇನ್ನೂರು ಮುನ್ನೂರು ಪದಗಳು ಸುತ್ತುತ್ತಿರುತ್ತವೆ. ತೊಂದರೆ ಕೊಡುವುದು ಸಣ್ಣ ಪದಗಳೇ. "ನಾಟ್" ಇದೆಯಾ, "ಎರಡನ್ನು ಆರಿಸಿ" ಅಂದಿದ್ದಾರಾ ಅಂತ ನೋಡದೆ ಹೋಗುವುದು. ಸಿಸಿಎನ್‌ಎಯಲ್ಲಿ ಒಂದು ಪ್ರಶ್ನೆ ದಾಟಿದರೆ ಹಿಂದೆ ಬರಲು ಆಗುವುದಿಲ್ಲ, ಆದ್ದರಿಂದ ಎರಡು ಸಲ ಓದಿಯೇ ಮುಂದೆ ಒತ್ತಿ. ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಕನ್ನಡದಲ್ಲೇ ಗೆಳೆಯರಿಗೆ ವಿವರಿಸಿ, ಆದರೆ ಕಮಾಂಡ್ ಮತ್ತು ಪ್ರಶ್ನೆ ಇಂಗ್ಲಿಷಿನಲ್ಲೇ ಓದಿ.

ನಿಜವಾಗಿ ಇಂಗ್ಲಿಷ್ ಬೇಕಾಗುವುದು ಪರೀಕ್ಷೆಯಲ್ಲಲ್ಲ, ಕೆಲಸಕ್ಕೆ ಸೇರಿದ ಮೇಲೆ. ಮೊದಲ ಕೆಲಸ ಹೆಚ್ಚಾಗಿ ನಾಕ್‌ನಲ್ಲಿ, ಅಂದರೆ ದಿನದ 24 ಗಂಟೆಯೂ ಪರದೆ ನೋಡುತ್ತಾ ಕೂರುವ ಕೋಣೆಯಲ್ಲಿ. ನೈಟ್ ಶಿಫ್ಟ್ ಇರುತ್ತದೆ, ಮನೆಯಲ್ಲಿ ಮೊದಲೇ ಹೇಳಿಡಿ. ಎಲ್ಲೋ ಒಂದು ಲಿಂಕ್ ಬೀಳುತ್ತದೆ, ಎಲ್ಲರೂ ಒಟ್ಟಿಗೆ ಮಾತಾಡುವ ಬ್ರಿಡ್ಜ್ ಕಾಲ್ ಶುರುವಾಗುತ್ತದೆ, ಆ ಕಡೆ ಐದು ಜನ. ಅಲ್ಲಿ ಬರುವ ಪ್ರಶ್ನೆಗಳು ಮೂರೇ: ಯಾವಾಗಿನಿಂದ ಡೌನ್, ಯಾರಿಗೆಲ್ಲ ತೊಂದರೆ, ಈಚೆಗೆ ಯಾರಾದರೂ ಏನಾದರೂ ಬದಲಾಯಿಸಿದ್ದಾರಾ. ಈ ಮೂರಕ್ಕೆ ಇಂಗ್ಲಿಷಿನಲ್ಲಿ ಉತ್ತರ ಹೇಳುವುದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಿ. ನಾನೂ ಮಾಡಿದ್ದೇನೆ, ನಾಚಿಕೆ ಏನಿಲ್ಲ.

ನನ್ನ ಮೊದಲ ವಾರದ ಒಂದು ರಾತ್ರಿ ರೌಟರಿನಲ್ಲಿ "ಅಡ್ಮಿನಿಸ್ಟ್ರೇಟಿವ್ಲಿ ಡೌನ್" ಅಂತ ಬಂತು. ಅಡ್ಮಿನಿಸ್ಟ್ರೇಷನ್ ಆಫೀಸಿನವರು ಏನೋ ನಿಲ್ಲಿಸಿದ್ದಾರೆ ಅಂದುಕೊಂಡು, ಬೆಳಗ್ಗೆ ಅವರು ಬರಲಿ ಅಂತ ಕಾದೆ. ಅದರ ಅರ್ಥ ಕೇಬಲ್ಲೂ ಕೆಟ್ಟಿಲ್ಲ, ಪೋರ್ಟೂ ಕೆಟ್ಟಿಲ್ಲ, ಯಾರೋ ಶಟ್‌ಡೌನ್ ಕಮಾಂಡ್ ಕೊಟ್ಟು ಬಿಟ್ಟಿದ್ದಾರೆ ಅಂತ. "ನೋ ಶಟ್‌ಡೌನ್" ಅಂತ ಎರಡು ಪದ ಹೊಡೆದಿದ್ದರೆ ಸಾಕಿತ್ತು. ಎಂಟೂವರೆಗೆ ಬಂದ ಸೀನಿಯರ್ ನಿಂತುಕೊಂಡೇ ಹೊಡೆದು, ಕಾಫಿಗೆ ಬಾ ಅಂದರು.